ಖಾಲಿ ಜಾಗವಿಲ್ಲದ ಗೋಡೆ

ಮಾದಾಪುರ, ಹೈದರಾಬಾದ್
ಸೋಮವಾರ, ಬತುಕಮ್ಮ ಹಬ್ಬದ ನಾಲ್ಕನೆಯ ದಿನ

ಒಲವಿನ ವೆನ್ನೆಲಾ,

ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದಾಳಲ್ಲ, ಮಂಜೀರಳಿಗೆ ತಲೆ ಕೆಟ್ಟಿದೆಯೇ ಎಂದು ನೀನು ಬೈದುಕೊಳ್ಳುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಏನು ಮಾಡಲಿ ಹೇಳು? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದೆ. ಕೊನೆಗೆ ಸುಧನ್ವ ಅಣ್ಣನೇ ನನ್ನ ಮೇಜಿನ ಹತ್ತಿರ ಬಂದು, "ಮಂಜೀರಾ, ನೀನು ಕೈಯಾರೆ ಬರೀಮ್ಮ. ಒಂದೇ ಹಾಸ್ಟೆಲ್ ರೂಮಲ್ಲಿದ್ದೋರು ನೀವು. ನಿನ್ನ ಕಾಗೆ ಕಾಲು ಅಕ್ಷರ ನೋಡಿದ್ರೆ ಅವ್ಳ ಮನಸ್ಸು ಕರಗದೆ ಇರುತ್ತಾ?" ಎಂದ. ಕಂಪನಿಯ ಯಜಮಾನನೇ ಕಾಗದ ಪೆನ್ನು ತಂದುಕೊಟ್ಟ ಮೇಲೆ ಇಲ್ಲವೆನ್ನುವುದು ಹೇಗೆ?

ನಿನ್ನ ಕೈಗೆ ಈ ಕಾಗದ ತಂದಿರುವವನು ಇಲ್ಯಾಸ್. ಬ್ಯಾಟರಿ ಪರೀಕ್ಷೆಯ ಕೋಣೆಯಲ್ಲಿ ನಿನ್ನ ಕೈಕೆಳಗೆ ಇದ್ದಾಗ ದಿನವಿಡೀ ವಟವಟ ಎನ್ನುತ್ತಿದ್ದನಲ್ಲ, ಈಗ ಕೇಳಿದ್ದಕ್ಕೂ ಬರೀ ತಲೆಯಾಡಿಸುತ್ತಾನೆ. ಅವನ ಬಲಗೈಗೆ ಸುತ್ತಿರುವ ಬಟ್ಟೆ ನೋಡಿ ಗಾಬರಿಯಾಗಬೇಡ. ಚಹಾ ಚೆಲ್ಲಿತಂತೆ. ಅಣ್ಣ ಅವನಿಗೆ ಈ ವಾರವಿಡೀ ರಜೆ ಕೊಟ್ಟಿದ್ದಾನೆ. ಒಳಗೆ ಕರೆದು ಊಟ ಹಾಕು, ಕಲಸಿ ಕೊಡು ಪಾಪ.

ಇಲ್ಲಿನ ಸುದ್ದಿ ಕೇಳಿದರೆ ನೀನು ನಂಬುವುದಿಲ್ಲ. ಯುಗಾದಿಯ ಹೊತ್ತಿಗೆ ನೀನು ಬಿಟ್ಟುಹೋದಾಗ ನಾವು ಒಂದೇ ಮಹಡಿಯಲ್ಲಿ ಒಬ್ಬರ ಮೊಣಕೈ ಒಬ್ಬರಿಗೆ ತಾಗಿಸಿಕೊಂಡು ಕೂತಿದ್ದೆವು. ಈಗ ಮೂರು ಮಹಡಿ. ಲಿಫ್ಟಿಗೆ ಸಾಲು, ಚಹಾಕ್ಕೆ ಸಾಲು, ಕೈ ತೊಳೆಯಲಿಕ್ಕೂ ಸಾಲು. ಮೊದಲೆಲ್ಲ ಯಾರ ಡಬ್ಬಿಯಲ್ಲಿ ಗೋಂಗೂರ ಚಟ್ನಿ ಇದೆ ಎಂದು ಮೂಗಿನಲ್ಲೇ ಹೇಳುತ್ತಿದ್ದೆ, ಈಗ ಎದುರು ಕೂತವರ ಹೆಸರು ತಿಳಿಯಲು ಅವರ ಎದೆಯ ಮೇಲಿನ ಕಾರ್ಡು ಓದಬೇಕು. ಗುಬ್ಬಿಯ ಹೆಸರಿಟ್ಟ ನಮ್ಮ ಹಳದಿ ಪಿಚ್ಚುಕ ಬ್ಯಾಟರಿ ಸ್ಕೂಟರುಗಳು ನಿಜವಾದ ಗುಬ್ಬಿಗಳಿಗಿಂತ ಜಾಸ್ತಿಯಾಗಿವೆ. ಅಡ್ಡಗುಟ್ಟ ಗಲ್ಲಿಯಲ್ಲಿ ಊಟ ಹಂಚುವ ಹುಡುಗರೆಲ್ಲ ನಮ್ಮವನ್ನೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ, ಸಂದಿಗೊಂದರಂತೆ ನಮ್ಮ ಬ್ಯಾಟರಿ ಡಿಪೋ ಬಂದಿದೆ. ನಮ್ಮ ಸ್ಕೂಟರು ಹೊಸ ಊರಿಗೆ ಕಾಲಿಟ್ಟಾಗ ಹೊಡೆಯುವ ಗಂಟೆ ನೆನಪಿದೆಯಲ್ಲ, ಎಲ್ಲರೂ ಎದ್ದು ಚಪ್ಪಾಳೆ ತಟ್ಟಬೇಕಿತ್ತು? ಈಗ ಅದನ್ನು ಎಷ್ಟು ಸಲ ಬಾರಿಸುತ್ತಾರೆ ಎಂದರೆ, ಫೋನಿನಲ್ಲಿ ಗಿರಾಕಿಯ ಬೈಗುಳ ಕೇಳುತ್ತಿರುವವರು ಒಂದು ಕೈಯಿಂದ ತೊಡೆ ತಟ್ಟಿ ಕೆಲಸ ಮುಗಿಸುತ್ತಾರೆ. ತಟ್ಟದವರನ್ನು ನಾನು ನೋಡಬೇಕು. ಅದಕ್ಕೇ ಅಲ್ಲವೇ ನನ್ನನ್ನು ಇಟ್ಟುಕೊಂಡಿರುವುದು, ಎಲ್ಲರೂ ನಗುನಗುತ್ತಾ ಇದ್ದಾರೆಯೇ ಎಂದು ನೋಡಿಕೊಳ್ಳಲಿಕ್ಕೆ!

ಬಾಗಿಲ ಬಳಿಯ ಮುಖಗಳ ಪೆಟ್ಟಿಗೆಯನ್ನು ನೀನು ಮರೆತಿರಲಾರೆ. ಒಳಗೆ ಬರುವಾಗ ನಗುಮುಖ, ಸಪ್ಪೆಮುಖ, ಅಳುಮುಖ, ಮೂರರಲ್ಲಿ ಒಂದನ್ನು ಒತ್ತಿ ಬರಬೇಕಿತ್ತು. ನೀನು ದಿನಾ ಅಳುಮುಖ ಒತ್ತುತ್ತಿದ್ದೆ, ನಾನು ಸಮೋಸ ಹಿಡಿದುಕೊಂಡು ನಿನ್ನ ಕೋಣೆಗೆ ಓಡಿಬರುತ್ತಿದ್ದೆ. ನೀನು ಸಮೋಸ ತಿಂದು, "ನನ್ನ ಹೊಟ್ಟೆ ಅಳ್ತಿಲ್ಲ ಕಣೇ, ಬ್ಯಾಟ್ರಿ ಅಳ್ತಿದೆ" ಎನ್ನುತ್ತಿದ್ದೆ. ಈಗ ಆ ಪೆಟ್ಟಿಗೆ ಹೊಸದಾಗಿದೆ. ಅಳುಮುಖ ಎದುರಿಗಿದ್ದರೆ ಅಳಬೇಕು ಅನ್ನಿಸುತ್ತದೆ ಎಂದು ಅಣ್ಣ ಅದನ್ನು ತೆಗೆಸಿದ. ಸಪ್ಪೆಮುಖವೂ ಅದರ ಹಿಂದೆಯೇ ಹೋಯಿತು. ಈಗಿರುವುದು ಎರಡೇ, ನಗು ಮತ್ತು ಜೋರು ನಗು. ನನ್ನ ಕೆಲಸ ಹಗುರವಾಗಿದೆ.

ಹೋದ ವಾರದಿಂದ ಇನ್ನೊಂದು ಪದ್ಧತಿ ಬಂದಿದೆ. ಬೆಳಗ್ಗೆ ಬರುತ್ತಲೇ ಎಲ್ಲರೂ ತಮ್ಮ ಸ್ವಂತ ಫೋನನ್ನು ಬುಟ್ಟಿಯಲ್ಲಿ ಹಾಕಬೇಕು. "ಫೋನ್ ನೋಡೋ ಬದ್ಲು ಒಬ್ಬರ ಮುಖ ಒಬ್ರು ನೋಡ್ರಪ್ಪಾ, ನಾವೆಲ್ಲ ಒಂದೇ ಮನೆಯೋರು" ಎಂದು ಅಣ್ಣ ಸಭೆಯಲ್ಲಿ ಹೇಳಿದ. ಹಾಡನ್ನೂ ಜೋರಾಗಿ ಹಾಕಿಸಿದ್ದಾನೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ, ಹಾಗಾಗಿ ಮುಖವನ್ನೇ ನೋಡುತ್ತಾ ಕೂತಿರುತ್ತೇವೆ. ಉಪ್ಪಲ್ ಡಿಪೋ ಮುಚ್ಚಿದೆ, ಅಲ್ಲಿ ಸುಣ್ಣಬಣ್ಣ ನಡೆಯುತ್ತಿದೆಯಂತೆ.

ಉಪ್ಪಲ್ ಎಂದಾಗ ನೆನಪಾಯಿತು, ಡಿಪೋ ನೋಡಿಕೊಳ್ಳುತ್ತಿದ್ದ ಸೋಮಯ್ಯ ತಾತ ಊರಿಗೆ ಹೋಗಿಬಿಟ್ಟನಂತೆ. ಹಬ್ಬಕ್ಕೆ ಸರ್ವಪಿಂಡಿ ರೊಟ್ಟಿ ತಟ್ಟಿಸಿಕೊಂಡು ಸ್ಟೀಲಿನ ಡಬ್ಬಿ ತುಂಬ ತರುತ್ತಿದ್ದ, "ಟೆಸ್ಟಿಂಗ್ ಮೇಡಮ್ಮಿಗೆ ಅಂಚಿನ ತುಂಡು, ಅದೇ ಗರಿಗರಿ" ಎಂದು ನಿನಗೆ ಮುರಿದು ಕೊಡುತ್ತಿದ್ದ. ಈ ಸಲ ಡಬ್ಬಿ ಬರಲಿಲ್ಲ. ಹೇಳದೆ ಕೇಳದೆ ಹೋದ ಎಂದು ಎಲ್ಲರೂ ಅನ್ನುತ್ತಾರೆ. ನಾನೂ ಅನ್ನುತ್ತೇನೆ.

ಈಗ ಸಂತೋಷದ ಸುದ್ದಿ. ನಮ್ಮ ಗೋಡೆಗೆ ನೀನು ವಾಪಸು ಬಂದಿದ್ದೀಯ! ಎಲ್ಲರ ಫೋಟೋ ಹಾಕಿರುವ ಆ ಬಾಗಿಲ ಗೋಡೆಗೆ. ಯಾರಾದರೂ ಬಿಟ್ಟುಹೋದರೆ ಸಂಜೆಯೊಳಗೆ ಅವರ ಫೋಟೋ ತೆಗೆದು, ಉಳಿದವರನ್ನೆಲ್ಲ ಒಂದೊಂದು ಜಾಗ ಸರಿಸಿ, ಖಾಲಿ ಜಾಗ ಕಾಣದ ಹಾಗೆ ಮಾಡುವುದು ನನ್ನ ಕೆಲಸವೆಂದು ನಿನಗೆ ಗೊತ್ತು. ಹೊಸಬರಿಗೆ ಯಾರು ಹೋದರೆಂದೇ ತಿಳಿಯುವುದಿಲ್ಲ. ನಿನ್ನದನ್ನೂ ನಾನೇ ತೆಗೆದಿದ್ದೆ, ನಿನಗೆ ನನ್ನ ಮೇಲೆ ಅದೇ ಸಿಟ್ಟು. ಹಾಗೆ ಇಳಿದವರು ಮತ್ತೆ ಗೋಡೆ ಹತ್ತಿದ್ದು ಇದೇ ಮೊದಲು. ನಿನಗಾಗಿ ಯಾರನ್ನೂ ಸರಿಸಬೇಕಾಗಲಿಲ್ಲ. ಸೋಮಯ್ಯ ತಾತನ ಜಾಗ ಆಗಷ್ಟೇ ಖಾಲಿಯಾಗಿತ್ತು, ಅಲ್ಲಿಗೇ ಸರಿಯಾಗಿ ಕೂತಿತು.

ಅಣ್ಣನಿಗೆ ನಿನ್ನ ಮೇಲೆ ಈಗ ಎಳ್ಳಷ್ಟೂ ಬೇಸರವಿಲ್ಲ. ಬಿಟ್ಟುಹೋಗುವ ಮುಂಚಿನ ಆ ಸಭೆಯಲ್ಲಿ ನೀನು ಎದ್ದು ನಿಂತು, ಬಿಸಿಲಿಗೆ ಹೊಸ ಬ್ಯಾಟರಿ ಉಬ್ಬುತ್ತಿದೆ, ಇನ್ನೊಂದು ಬೇಸಿಗೆ ನೋಡಿ ಆಮೇಲೆ ಹೊರಗೆ ಬಿಡೋಣ ಎಂದೆಯಲ್ಲ, "ಪೂರಿ ಉಬ್ಬಿದ್ರೆ ಬಿಸಾಕ್ತೀವಾ ವೆನ್ನೆಲಾ, ಬಿಸಿಬಿಸಿ ಇರೋವಾಗ್ಲೇ ಬಡಿಸ್ತೀವಿ" ಎಂದು ಅವನು ತಮಾಷೆ ಮಾಡಿದ್ದಕ್ಕೆ ಈಗ ನೊಂದುಕೊಂಡಿದ್ದಾನೆ. ಮುನಿಸು ಎಲ್ಲರ ಮನೆಯಲ್ಲೂ ಇರುವುದೇ. ಪಿಚ್ಚುಕದ ಪ್ರತಿಯೊಂದು ಬ್ಯಾಟರಿಯೂ ನೀನು ಪರೀಕ್ಷಿಸಿ ಒಪ್ಪಿಗೆ ನೀಡಿದ ನಂತರವೇ ರಸ್ತೆಗೆ ಇಳಿದಿದೆ ಎಂಬುದನ್ನು ನಾವೆಲ್ಲರೂ ಕೃತಜ್ಞತೆಯಿಂದ ನೆನೆಯುತ್ತೇವೆ.

ನೀನು ಇಲ್ಲದ ತಿಂಗಳುಗಳನ್ನೆಲ್ಲ ರಜೆ ಎಂದು ಬರೆಸಿದ್ದಾನೆ. ಅಂದರೆ ನೀನು ಕೆಲಸ ಬಿಟ್ಟೇ ಇಲ್ಲ! ಹಳೆಯ ಕಾರ್ಡು, ಹಳೆಯ ನಂಬರು, ಹಳೆಯ ಕುರ್ಚಿ, ಎಲ್ಲವೂ ಸಿದ್ಧವಾಗಿವೆ. ಕುರ್ಚಿಯ ಬೆನ್ನಿಗೆ ನೀನು ಬಿಟ್ಟುಹೋದ ನೀಲಿ ಸ್ವೆಟರನ್ನೂ ಎಲ್ಲಿಂದಲೋ ಹುಡುಕಿ ನೇತುಹಾಕಿಸಿದ್ದಾನೆ. ಹೊಸ ಹುಡುಗಿಯೊಬ್ಬಳು ನಿನ್ನೆ, "ವೆನ್ನೆಲಾ ಅಕ್ಕ ಊಟಕ್ಕೆ ಹೋಗಿದಾರಾ?" ಎಂದು ನನ್ನನ್ನು ಕೇಳಿದಳು. ಹೌದು, ಈಗ ಬರುತ್ತಾರೆ ಎಂದೆ.

ಗುರುವಾರ ಆಫೀಸಿನಲ್ಲಿ ಹೂವಿನ ಗೋಪುರ ಕಟ್ಟಿ, ಸುತ್ತ ಹಾಡುತ್ತಾ ಬತುಕಮ್ಮ ಆಡುತ್ತೇವೆ. ಅಂದು ದೊಡ್ಡ ಅತಿಥಿಗಳು ಬರುತ್ತಾರೆ, ಅವರು ಬರುವ ಮೊದಲೇ ನೀನು ನಿನ್ನ ಕುರ್ಚಿಯಲ್ಲಿ ಇರಬೇಕು ಎನ್ನುವುದು ಅಣ್ಣನ ಆಸೆ. ಹೋದ ವರ್ಷ ನಾವಿಬ್ಬರೂ ಶಾಮೀರ್‌ಪೇಟೆಯ ದಾರಿಯಲ್ಲಿ ಬತುಕಮ್ಮನಿಗೆಂದು ಹಳದಿ ತಂಗೇಡು ಹೂವು ಕೀಳಲು ಹೋಗಿ, ಚೀಲ ಹರಿದು, ನಿನ್ನ ದುಪಟ್ಟಾದಲ್ಲಿ ಕಟ್ಟಿಕೊಂಡು ಬಂದೆವಲ್ಲ. ನೀನಿಲ್ಲದೆ ನನಗೆ ಇಲ್ಲಿ ತುಂಬಾ ಒಂಟಿಯೆನಿಸುತ್ತದೆ ವೆನ್ನೆಲಾ. ಇದನ್ನು ಯಾರೂ ಹೇಳಿ ಬರೆಸಿದ್ದಲ್ಲ.

ಬುಧವಾರ ಸಂಜೆ ಹನಮಕೊಂಡದ ನಿಮ್ಮ ಮನೆ ಬಾಗಿಲಿಗೆ ಕಾರು ಬರುತ್ತದೆ. ಹೊರಡಲು ಸಿದ್ಧವಾಗಿರು. ಅಮ್ಮನಿಗೆ ನನ್ನ ನಮಸ್ಕಾರ, ನಿನ್ನ ಚಿಕ್ಕಪ್ಪ ವಕೀಲ ಬಾಬಾಯಿಗೂ.

ಹಾಸ್ಟೆಲ್ಲಿನಲ್ಲಿ ನಿನ್ನ ಪಕ್ಕದ ಮಂಚದವಳು,
ಮಂಜೀರ

ತಾ.ಕ.: ಕಾರು ಹತ್ತಬೇಡ.

ನನ್ನ ಸಹಿಯವರೆಗೆ ಬರೆದದ್ದನ್ನು ಸುಧನ್ವ ಓದಿದ. ನಾನು ಬರೆಯುವಾಗ ಎದುರು ಕುರ್ಚಿಯಲ್ಲೇ ಕೂತಿದ್ದ. ಪೂರಿಯ ಮಾತು ಬಂದಲ್ಲಿ ಮತ್ತೊಮ್ಮೆ ನಕ್ಕು, "ಇರ್ಲಿ ಇರ್ಲಿ, ಹೀಗಿದ್ರೇನೇ ನಿಜ ಅನ್ಸೋದು" ಎಂದ. ನೀನು ಒಪ್ಪಿಗೆ ಕೊಟ್ಟೆ ಎನ್ನುವ ಆ ಉದ್ದನೆಯ ಸಾಲು ಅವನು ಹೇಳಿ ಬರೆಸಿದ್ದು. ಹುಟ್ಟಿದಾರಭ್ಯ ನಾನು ಅಂಥ ವಾಕ್ಯ ಬರೆದವಳಲ್ಲ, ನಿನಗೆ ಓದುವಾಗಲೇ ಹೊಳೆದಿರುತ್ತದೆ. ಲಕೋಟೆಗೆ ಅಂಟು ತರುತ್ತೇನೆಂದು ಕೆಳಗಿನ ಇರಾನಿ ಹೋಟೆಲಿಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಯಾಸ್ ಎದುರಿಗಿದ್ದಾನೆ, ಚಹಾ ಆರುತ್ತಿದೆ.

ಅವನ ಕೈ ಮೇಲೆ ಚಹಾ ಚೆಲ್ಲಿಲ್ಲ. ಬಟ್ಟೆ ಬಿಚ್ಚಿಸಿ ನೋಡು, ಮೊಣಕೈವರೆಗೂ ಹೋಗಿದೆ. ಹೋದ ಬುಧವಾರ ಮಧ್ಯಾಹ್ನ ಉಪ್ಪಲ್ ಡಿಪೋದಲ್ಲಿ ಚಾರ್ಜಿಗೆ ಇಟ್ಟ ಬ್ಯಾಟರಿಗಳು ಒಂದಾದ ಮೇಲೊಂದು ಹೊತ್ತಿಕೊಂಡವು. ಸೋಮಯ್ಯ ತಾತ ಊಟ ಮಾಡಿ ಒಳಗೆ ಮಲಗಿದ್ದ. ಬಾಗಿಲು ಎಳೆಯಲು ಹೋಗಿ ಇಲ್ಯಾಸನ ಕೈ ಸುಟ್ಟಿತು, ತಾತ ಕೈಗೆ ಸಿಗಲಿಲ್ಲ, ಒಳಗೇ ತೀರಿಕೊಂಡ. ಪೇಪರಿನಲ್ಲಿ ಯಾವುದೋ ಗೋದಾಮು, ಕರೆಂಟಿನ ದೋಷ ಎಂದು ಎರಡು ಸಾಲು ಬಂದಿತ್ತು. ಮರುದಿನವೇ ಫೋನಿನ ಬುಟ್ಟಿ ಬಂತು. ಅದೇ ಸಂಜೆ ತಾತನ ಫೋಟೋ ತೆಗೆಯಲು ನನಗೆ ಹೇಳಿದರು, ನಾನು ತೆಗೆದೆ. ಊರಿಗೆ ಹೋದ ಎಂದೂ ನಾನೇ ಮಹಡಿ ಮಹಡಿಗೆ ಹೋಗಿ ಹೇಳಿಬಂದೆ.

ಗುರುವಾರ ಬರುವ ಅತಿಥಿಗಳು ಉಪ್ಪಲ್ ಬೆಂಕಿಯ ವಿಚಾರಣೆಯವರು. ಬ್ಯಾಟರಿ ನೋಡಿ ಹೊರಗೆ ಬಿಟ್ಟವರು ಯಾರು ಎಂದು ಅವರು ಕೇಳಿದಾಗ, ಕುರ್ಚಿಯಲ್ಲಿ ನೀನಿರಬೇಕು. ಅದಕ್ಕೇ ಸ್ವೆಟರು, ಅದಕ್ಕೇ ರಜೆ, ಅದಕ್ಕೇ ಗೋಡೆ. ಇಲ್ಯಾಸನೂ ಅಂದು ಅವರ ಕಣ್ಣಿಗೆ ಬೀಳಬಾರದೆಂದೇ ಅವನನ್ನು ನಿನ್ನಲ್ಲಿಗೆ ಅಟ್ಟಿದ್ದು. ಒಳ್ಳೆಯದೇ ಆಯಿತು. ಅವನನ್ನು ಬಾಬಾಯಿಯ ಹತ್ತಿರ ಕರೆದುಕೊಂಡು ಹೋಗು, ಕಂಡದ್ದನ್ನೆಲ್ಲ ಹೇಳುತ್ತಾನೆ. ನನ್ನ ಮುಂದೆ ಎಲ್ಲ ಹೇಳಿದ್ದಾನೆ, ಹೇಳಿ ಮುಗಿಸಿದ ಮೇಲೆಯೇ ಒಂದು ಬನ್ನು ತಿಂದ.

ನನಗೆ ಭಯವಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಮೇಲೆ ಹೋಗಿ ಸುಧನ್ವನ ಎದುರು ನಗಬೇಕು, ಬುಧವಾರ ನೀನು ಕಾರು ಹತ್ತಲಿಲ್ಲ ಎಂದು ಗೊತ್ತಾದಾಗ ಆಶ್ಚರ್ಯಪಡಬೇಕು. ನಗುವುದು ಅಭ್ಯಾಸವಾಗಿದೆ. ಸೋಮಯ್ಯ ತಾತನ ಫೋಟೋವನ್ನು ನಾನು ಬಿಸಾಡಿರಲಿಲ್ಲ. ಮುಂದಿನ ಹಲ್ಲಿಲ್ಲ ಎಂದು ನಾಚಿ ಬಾಯಿ ಮುಚ್ಚಿಕೊಂಡಿದ್ದವನನ್ನು ನಾನೇ ಕಾಡಿಸಿ ನಗಿಸಿ ತೆಗೆಸಿದ ಫೋಟೋ ಅದು, ನನ್ನ ಚೀಲದಲ್ಲಿದೆ. ಗುರುವಾರ ಹೂವು ಜೋಡಿಸುವ ನೆಪ ಮಾಡಿ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಗೋಡೆಯಿಂದ ನಿನ್ನದನ್ನು ಇಳಿಸಿ, ಅವನನ್ನು ಅವನ ಜಾಗದಲ್ಲಿ ಹಾಕಿ, ಕೆಳಗೆ ಒಂದು ಹಿಡಿ ತಂಗೇಡು ಹೂವು ಇಟ್ಟು, ಇವರು ಯಾರು ಎಂದು ಅತಿಥಿಗಳಲ್ಲಿ ಯಾರಾದರೂ ಒಬ್ಬರು ಕೇಳುವವರೆಗೆ ಅಲ್ಲೇ ನಿಂತಿರುತ್ತೇನೆ.