ಟೇಪಿಗೆ ಬಂದ ಹೆಬ್ಬೆರಳು

ಮಾರ್ಚ್ ೧೪, ಗುರುವಾರ

ಆ ಹೆಬ್ಬೆರಳು ಕಣ್ಣಿಂದ ಮರೆಯಾಗುತ್ತಿಲ್ಲ. ಗಾಜಿನ ಮೇಲೆ ಬೆಳ್ಳಿಯ ತೆಳುಪದರ ಎಷ್ಟು ಗಟ್ಟಿಯಾಗಿ ಹಿಡಿದಿದೆಯೆಂದು ನೋಡಲು ಟೇಪು ಅಂಟಿಸಿ, ಉಜ್ಜಿ, ಸರ್ರನೆ ಕಿತ್ತೆ. ಒಂದೇ ಕಡೆ ಪದರ ಎದ್ದು ಬಂತು, ಹೆಬ್ಬೆರಳಿನ ಗೆರೆಗಳ ಸಮೇತ. ಬೆರಳಿನ ಜಿಡ್ಡಿದ್ದಲ್ಲಿ ಬೆಳ್ಳಿ ಹಿಡಿಯುವುದಿಲ್ಲ.

ಆ ಗಾಜು ತೊಳೆದಿಟ್ಟವರು ನಮ್ಮ ಲ್ಯಾಬಿನ ಗ್ಲೌಸಣ್ಣ. "ಬರಿಗೈ ಹಾಕಿದ್ರೆ ಕೈ ಮುರೀತೀನಿ" ಎಂದು ಇಪ್ಪತ್ತು ವರ್ಷ ಎಲ್ಲರನ್ನೂ ಬೈದವರು. ತೀರಿಹೋಗಿ ಹದಿನೆಂಟು ದಿನ. ಕೊನೆಕೊನೆಗೆ ಅವರ ಕೈ ನಡುಗುತ್ತಿತ್ತು. ಗಾಜು ಜಾರೀತೆಂದು ಗ್ಲೌಸ್ ತೆಗೆದಿರಬೇಕು.

"ಯಾರ್ರೀ ಇದನ್ನ ಮುಟ್ಟಿದ್ದು?" ಎಂದರು ಲ್ಯಾಬ್ ನಡೆಸುವ ಮೇಡಂ.

"ನಾನೇ ಮೇಡಂ." ಬೈಸಿಕೊಂಡೆ.

ಗಾಜು ಕಸಕ್ಕೆ ಹೋಯಿತು. ಟೇಪನ್ನು ತಂದು ಈ ಪುಟಕ್ಕೆ ಅಂಟಿಸಿದ್ದೇನೆ. ಈಗ ಅದರ ಮೇಲೆ ಬೆರಳಿಡಲು ಹೋದೆ. ಬರಿಗೈ ಎಂದು ನೆನಪಾಗಿ ಹಿಂದಕ್ಕೆ ತೆಗೆದೆ.