ಮಗನ ಹೆಸರಿನ ಎಳ್ಳುನೀರು

॥ ಶ್ರೀಹರಿಃ ॥

ಹಿಮಾಯತ್‌ನಗರ, ಹೈದರಾಬಾದ್
ವಿಶ್ವಾವಸು ಸಂವತ್ಸರ, ಆಶ್ವಯುಜ ಶುಕ್ಲ ದ್ವಾದಶಿ, ಶನಿವಾರ

ಚಿ. ಸೌ. ಶಾಂಭವಿಗೆ,

ದೇವರ ಮುಂದೆ ನಿನ್ನ ಹೆಸರು ಹೇಳಿ ತುಳಸಿಯೇರಿಸಿ, ಈ ಕಾಗದಕ್ಕೆ ಕುಳಿತಿದ್ದೇನೆ. ಪುಣೆಯಲ್ಲಿ ನೀನೂ ಅಳಿಯಂದಿರೂ ಆರೋಗ್ಯದಿಂದಿರುವಿರೆಂದು ನಂಬಿದ್ದೇನೆ. ನಿನ್ನ ಪತ್ರಕ್ಕೆ ಶ್ರಾವಣದಲ್ಲಿಯೇ ಉತ್ತರ ಬರೆಯಬೇಕಾಗಿತ್ತು. ಫೋನಿನಲ್ಲಿ ಈ ವಿಷಯವೆತ್ತಿದರೆ ನೀನು ಅಳತೊಡಗುತ್ತೀ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಬರೆಯೋಣವೆಂದರೆ ಏನು ಬರೆಯಬೇಕೆಂಬುದೇ ನಿಶ್ಚಯವಾಗಿರಲಿಲ್ಲ. ಈಗ ಆಗಿದೆ. ತಡವಾದುದನ್ನು ಮನ್ನಿಸು.

ದಸರೆಯ ರಜೆಯಲ್ಲಿ ನಿನ್ನ ಅತ್ತಿಗೆ ಹರ್ಷದಾ, ನನ್ನನ್ನೂ ತನ್ನ ಮಗಳು ಮಾನಸಿಯನ್ನೂ ವಿಶಾಖಪಟ್ಟಣದ ಕಡಲತೀರಕ್ಕೆ ಕರೆದೊಯ್ದಳು. ಹುಣ್ಣಿಮೆ ಅಮಾವಾಸ್ಯೆಗಳ ಪರ್ವಕಾಲವಲ್ಲದೆ ನಾನು ಸಮುದ್ರವನ್ನು ಮುಟ್ಟುವವನಲ್ಲವೆಂಬುದು ಅವಳಿಗೆ ಗೊತ್ತು. ಆದುದರಿಂದ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಾವು ಅಲ್ಲಿರುವಂತೆ ಮೊದಲು ಪಂಚಾಂಗವನ್ನು ನೋಡಿ, ಆಮೇಲೆ ರೈಲಿನ ಟಿಕೆಟ್ಟು ತೆಗೆಸಿದ್ದಳು. ಮಾನಸಿಗೆ ಇದು ದೊಡ್ಡ ವಿನೋದ.

“ಅಜ್ಜಾ, ಸಮುದ್ರಕ್ಕೂ ಆಫೀಸ್ ಟೈಮ್ ಅದ ಏನು?” ಎಂದಳು.

“ಅದವಾ. ನಾಳಿಯಿಂದ ಹದಿನೈದು ದಿನ ರಜಾ,” ಎಂದೆ. ಹರ್ಷದಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕುದನ್ನು ಕಂಡು ಬಹುಕಾಲವಾಗಿತ್ತು.

ಆ ಬೆಳಿಗ್ಗೆ ಸ್ನಾನ ಮುಗಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಸಮಸ್ತ ಪಿತೃಗಳಿಗೆ ತರ್ಪಣವಿತ್ತೆ. ಹರ್ಷದಾ ನನ್ನ ಉತ್ತರೀಯವನ್ನೂ ಎಳ್ಳಿನ ಪೊಟ್ಟಣವನ್ನೂ ಹಿಡಿದು ಸಮೀಪದಲ್ಲಿಯೇ ನಿಂತಿದ್ದಳು. ಈ ಕ್ರಮದಲ್ಲಿ ಪತ್ನಿಯ ಹೆಸರಾದ ಮೇಲೆ ಮಗನ ಸ್ಥಾನ ಬರುತ್ತದೆ. ಮಗನನ್ನು ಕಳೆದುಕೊಂಡವರು ಅಲ್ಲಿ ಅವನ ಹೆಸರು ಹೇಳುತ್ತಾರೆ. ನಿನ್ನ ತಾಯಿ ಹೋದಂದಿನಿಂದ ಪ್ರತಿ ಮಹಾಲಯದಲ್ಲಿಯೂ ಅವಳ ಹೆಸರು ಹೇಳಿ, ಆ ಸ್ಥಾನದಲ್ಲಿ ಒಂದು ಕ್ಷಣ ನಿಂತು, ಮುಂದಕ್ಕೆ ದಾಟುತ್ತಿದ್ದೆ. ಈ ಸಲ ದಾಟಲಿಲ್ಲ. ಗೋತ್ರಸಹಿತವಾಗಿ ‘ಕೌಸ್ತುಭ’ನೆಂಬ ಶಬ್ದ ಬಾಯಿಂದ ಹೊರಟಿತು, ಬೆರಳ ಸಂದಿನಿಂದ ಎಳ್ಳುನೀರೂ ಬಿದ್ದಿತು. ಬದುಕಿರುವನೆಂದು ನಾವು ನಂಬಿದವನಿಗೆ ನಾನು ಪ್ರೇತಜಲವನ್ನು ಕೊಟ್ಟೆ, ಮಗು.

ಮತ್ತೆ ಮುಳುಗಿ ಎದ್ದೆ, ನಾರಾಯಣಸ್ಮರಣೆ ಮಾಡಿದೆ. ಹರ್ಷದಾ ಕೇಳಿಸಿಕೊಂಡಿದ್ದಳು. ಉತ್ತರೀಯವನ್ನು ನನ್ನ ಕೈಗಿಟ್ಟು, ಮುಖವನ್ನು ಅಲೆಗಳ ಕಡೆ ತಿರುಗಿಸಿಕೊಂಡಳು.

ನಿನ್ನ ಅಣ್ಣ ಬೇಗಂಪೇಟೆ ಸ್ಟೇಷನ್ನಿನ ಹೊರಗೆ ಸ್ಕೂಟರ್ ನಿಲ್ಲಿಸಿ ಎತ್ತಲೋ ಹೋಗಿ, ಬರುವ ಮಾರ್ಗಶಿರಕ್ಕೆ ಹನ್ನೆರಡು ವರ್ಷ ತುಂಬುತ್ತದೆ. ಕಾರಣವನ್ನು ಇಂದಿಗೂ ಬಲ್ಲವರಿಲ್ಲ. ಅಷ್ಟು ಕಾಲ ವಾರ್ತೆಯಿಲ್ಲದವನಿಗೆ ಮುತ್ತುಗದೆಲೆಗಳಿಂದ ಪ್ರತಿಕೃತಿ ಮಾಡಿ ದಹಿಸಿ, ಉತ್ತರಕ್ರಿಯೆ ನಡೆಸಬೇಕೆಂಬ ವಿಧಿಯನ್ನು ಪುರೋಹಿತರು ನೆನಪಿಸಿದ್ದರು. ಅದನ್ನು ನಿನಗೆ ತಿಳಿಸಿದಾಗ, “ಅಣ್ಣನ ಕರ್ಮ ಮಾಡಿದ ಮನಿಗೆ ನಾ ಮತ್ತ ಕಾಲಿಡೂದಿಲ್ಲಪ್ಪಾ” ಎಂದು ನೀನು ಬರೆದೆ. ಪ್ರತಿ ದೀಪಾವಳಿಯ ಯಮದ್ವಿತೀಯೆಯಂದು ಅಣ್ಣನ ಬದಲು ಚಂದ್ರನಿಗೆ ಆರತಿಯೆತ್ತುವವಳು ನೀನು. ನಿನ್ನ ಮಾತು ನನಗೆ ಅರ್ಥವಾಗದೆ ಇಲ್ಲ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು.

ಮರುದಿನ ತೊಟ್ಲಕೊಂಡಕ್ಕೆ ಹೋದೆವು. ಅದು ಸಮುದ್ರಕ್ಕೆ ಎದುರಾದ ಗುಡ್ಡ. ಮೇಲೆ ಪ್ರಾಚೀನ ಬೌದ್ಧವಿಹಾರದ ಅವಶೇಷಗಳು. ವೇದಬಾಹ್ಯರ ಸ್ಥಾನವೆಂದು ಮೊದಲು ಹಿಂಜರಿದೆನಾದರೂ ಮೊಮ್ಮಗಳ ಉತ್ಸಾಹಕ್ಕೆ ಮಣಿದೆ. ಬಂಡೆಯಲ್ಲಿ ಕೊರೆದ ತೊಟ್ಟಿಗಳಲ್ಲಿ ಮಳೆಯ ನೀರು ನಿಂತಿತ್ತು. ಮಾನಸಿ ಅತ್ತ ಓಡಿದಳು. ನಾನು ದಣಿದು, ಭಿಕ್ಷುಗಳು ವಾಸಿಸುತ್ತಿದ್ದ ಕೋಣೆಗಳ ಸಾಲಿನಲ್ಲಿ ಕುಳಿತೆ. ಗೋಡೆಗಳು ಮೊಣಕಾಲಿನವರೆಗೆ ಮಾತ್ರ ಉಳಿದಿವೆ. ಒಬ್ಬನು ಮಲಗಿ ಏಳುವಷ್ಟೇ ಅಗಲ. ಹರ್ಷದಾ ಎದುರಿನ ಇಟ್ಟಿಗೆಯ ಸಾಲಿನ ಮೇಲೆ ಕುಳಿತಳು.

“ಇವರೆಲ್ಲಾ ಮನಿ ಬಿಟ್ಟು ಬಂದವರಲ್ಲೇನ್ರಿ, ಮಾವನವರ,” ಎಂದಳು. “ಇವರ ಹೇಣ್ತ್ಯಾರಿಗೆ ಯಾರು ಏನು ಹೇಳಿದ್ರೋ.”

ನಾನು ತೊಟ್ಟಿಗಳ ಕಡೆ, ಮಾನಸಿಯತ್ತ ನೋಡಿದೆ.

“ನಿನ್ನೆ ನೀವು ಅವರ ಹೆಸರು ಹೇಳಿದ್ರಿ. ನಾ ಕೇಳಿದೆ.”

ನಾಲಗೆ ತಪ್ಪಿತೆಂದೆ. ಅವಳು ನನ್ನನ್ನೇ ನೋಡಿದಳು.

“ದಿನಾ ಸಂಜಿ ಜಪ ಮಾಡೋ ನಾಲಿಗಿ ಅದು. ತಪ್ಪೂದಿಲ್ಲರಿ.”

ಆಮೇಲೆ ತನ್ನ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳ ಶಾಲೆಯಲ್ಲಿ ಗಣಿತ ಕಲಿಸುವ ಶಾಂತಕುಮಾರನೆಂಬ ವಿಧುರನು ವಿವಾಹದ ಪ್ರಸ್ತಾಪ ಮಾಡಿದ್ದಾನೆ. ಅವಳು ಒಪ್ಪಿಲ್ಲ, ನಿರಾಕರಿಸಿಯೂ ಇಲ್ಲ. ಮಾನಸಿಗೆ ತಿಳಿದಿದೆ, ಅವಳ ಅಡ್ಡಿಯಿಲ್ಲ. ಕಾಯಿದೆಯಂತೆ ಎಂದೋ ಬಿಡುಗಡೆ ಪಡೆಯಬಹುದಾಗಿತ್ತೆಂದು ವಕೀಲರು ಹೇಳಿದ್ದರಂತೆ. ಅದು ಅವಳಿಗೆ ಸಾಲದು. ನಾನು ಕಾಯುತ್ತಿರುವವರೆಗೆ ತಾನೂ ಕಾಯುವವಳೇ ಎಂದು ಅವಳು ತಿಳಿದಿದ್ದಾಳೆ. ಒಂದೇ ಮನೆಯಲ್ಲಿ, ಒಂದೇ ಬಾಗಿಲನ್ನು ನೋಡುತ್ತ ಬದುಕಿದವರು ನಾವಿಬ್ಬರು.

“ಅವರು ಇದ್ದಾರೋ ಇಲ್ಲೋ ಅಂತ ನಾ ಕೇಳೂದು ಬಿಟ್ಟೀನ್ರಿ,” ಎಂದಳು. “ನಾ ಯಾರು ಅನ್ನೋದು ಹೇಳ್ರಿ. ಅರಿಶಿನ ಕುಂಕುಮಕ್ಕ ಕರಿಯೋರು ನನ್ನ ಮುಂದ ಬಂದು ಒಂದೀಟು ನಿಲ್ತಾರ. ಹಚ್ಚಬೇಕೋ ಬ್ಯಾಡೋ ಅಂತ ಅವರಿಗೂ ಗೊತ್ತಾಗೂದಿಲ್ಲ. ಕುಂಕುಮ ಇಡು ಅನ್ರಿ, ಇಡ್ತೀನಿ. ಅಳಿಸು ಅನ್ರಿ, ಅಳಿಸ್ತೀನಿ. ಆದರ ಹಿಂಗ ನಿಲ್ಲಿಸಬ್ಯಾಡ್ರಿ.”

ಶಾಂಭವಿ, ನಾನು ಇಷ್ಟು ಶಾಸ್ತ್ರಗಳನ್ನು ಓದಿದವನು. ನಮ್ಮ ಆಸೆಯನ್ನು ಬದುಕಿಸಿಡಲು ನಾವು ಅವಳ ಆಯುಷ್ಯವನ್ನು ಖರ್ಚು ಮಾಡುತ್ತಿದ್ದೇವೆಂಬುದು ಆ ಮಾತು ಕೇಳಿದ ಮೇಲೆಯೇ ಹೊಳೆಯಿತು. ಮಾರ್ಗಶಿರದಲ್ಲಿ ಕ್ರಿಯೆ ನಡೆಸುವುದಾಗಿಯೂ, ಅನಂತರ ಅವಳ ಮದುವೆಗೆ ನಾನೇ ತಂದೆಯ ಸ್ಥಾನದಲ್ಲಿ ನಿಲ್ಲುವುದಾಗಿಯೂ ಅಲ್ಲಿಯೇ ಮಾತು ಕೊಟ್ಟೆ. ಅವಳು ಅಳಲಿಲ್ಲ. ನನ್ನ ಪಾದಗಳ ಮೇಲಿದ್ದ ಕೆಮ್ಮಣ್ಣನ್ನು ಸೆರಗಿನಿಂದ ಒರೆಸಿ, “ಬಿಸಿಲಾತು, ಏಳ್ರಿ” ಎಂದಳು.

ನಿನ್ನ ಅಪ್ಪಣೆಯನ್ನು ಕೇಳಲು ಇದನ್ನು ಬರೆದಿಲ್ಲ, ಮಾತು ಕೊಟ್ಟಾಗಿದೆ. ನೀನು ಬರಬೇಕೆಂದು ಬೇಡಲು ಬರೆದಿದ್ದೇನೆ. ನಿನಗೂ ಮೂರು ದಿನದ ಅಶೌಚವುಂಟು. ಅದನ್ನು ಪುಣೆಯಲ್ಲಿ ಒಬ್ಬಳೇ ಕಳೆಯಬೇಡ. ಹರ್ಷದಾಳ ಮೇಲೆ ಕೋಪವಿದ್ದರೆ ಅದನ್ನು ನನ್ನ ಮೇಲಿಡು. ಬಂದಾಗ ಮೊದಲು ಅವಳ ಕೈ ಹಿಡಿದು, ಆಮೇಲೆ ನನಗೆ ನಮಸ್ಕಾರ ಮಾಡು.

ಅಳಿಯಂದಿರಿಗೆ ನನ್ನ ಶುಭಾಶಂಸನೆ ತಿಳಿಸು. ನಿನ್ನ ಮಂಡಿನೋವಿಗೆ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚು, ಉದಾಸೀನ ಮಾಡಬೇಡ. ಶ್ರೀಹರಿಯು ನಿನ್ನ ಸೌಭಾಗ್ಯವನ್ನೂ ಮನಸ್ಸಿನ ಶಾಂತಿಯನ್ನೂ ಕಾಪಾಡಲಿ.

ನಿನ್ನ ತಂದೆ,
ಹನುಮಂತರಾವ್

ತಾ.ಕ.: ಇದನ್ನು ಹರ್ಷದಾಳಿಗೆ ಹೇಳಿಲ್ಲ, ನೀನೂ ಹೇಳಕೂಡದು. ಗುಡ್ಡದಿಂದ ಇಳಿಯುವಾಗ ಕೆಳಗಿನ ತೊಟ್ಟಿಯ ಬಳಿ ಒಬ್ಬ ಮನುಷ್ಯ ನಮಗೆ ಬೆನ್ನು ಮಾಡಿ ನಿಂತಿದ್ದ. ತಲೆ ನರೆತಿತ್ತು, ಎಡಭುಜ ತುಸು ಇಳಿದಿತ್ತು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿದ. ಹಾಗೆ ಎರಡು ಸಲ ಒರೆಸುವವನನ್ನು ನಾನು ನನ್ನ ಮನೆಯಲ್ಲಲ್ಲದೆ ಎಲ್ಲಿಯೂ ಕಂಡಿಲ್ಲ. ಒಂದು ಕೂಗಿಗೆ ತಿರುಗುವಷ್ಟು ಸಮೀಪದಲ್ಲಿದ್ದ. ಇಷ್ಟು ವರ್ಷ ದೇವರಲ್ಲಿ ನಾನು ಬೇಡಿದ್ದು ಆ ಒಂದನ್ನೇ. ಅಂದು ಮಾತ್ರ, ಇವನು ಅವನಾಗದಿರಲಿ ತಂದೆ, ಎಂದು ಬೇಡಿದೆ. ಅವನು ತಿರುಗುವ ಮೊದಲು ನಾನೇ ಮುಖ ತಿರುಗಿಸಿದೆ. ಯಾಕೆ ನಿಂತಿರೆಂದು ಹರ್ಷದಾ ಕೇಳಿದಳು. ಕಾಲು ನೋಯುತ್ತಿದೆಯೆಂದೆ. ಅವಳು ನನ್ನ ಕೈ ಹಿಡಿದು, ಮೆಲ್ಲಗೆ ಇಳಿಸಿಕೊಂಡು ಹೋದಳು.