ನಿಮ್ಮಪ್ಪನ ತಲೆಯ ಮೇಲೆ ತಗಡು

ರಾಯಾಪುರ, ಹುಬ್ಬಳ್ಳಿ
ಗುರುವಾರ, ೭ ಆಗಸ್ಟ್ ೨೦೨೫

ಮಗಳೇ ಉಮಾ,

ನಿನ್ನ ಅವ್ವ ಮಾಡುವ ಆಶೀರ್ವಾದಗಳು. ನಿನ್ನ ಬಾಣಂತಿ ಮಗಳು ಹೇಗಿದ್ದಾಳೆ? ಕೂಸು ಸರಿಯಾಗಿ ಹಾಲು ಕುಡಿಯುತ್ತಿದೆಯೇ? ಸೊಲ್ಲಾಪುರದಲ್ಲೂ ಮಳೆ ಹಿಡಿದಿದೆ ಎಂದು ಟೀವಿಯಲ್ಲಿ ತೋರಿಸಿದರು. ಬಾಣಂತಿಯ ಕಿವಿಗೆ ಅರಳೆ ಇಡು, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟು, ಕಿಟಕಿ ತೆರೆಯಬೇಡ. ಅವ್ವನಿಗೆ ಗಾಳಿಯ ಹುಚ್ಚು ಹೆದರಿಕೆ ಎಂದು ನೀನು ನಗುತ್ತೀ, ನಗು. ನನ್ನ ಮೊಣಕಾಲು ಮೊದಲಿನ ಹಾಗೇ ಇವೆ. ಊಟ ಸೇರುತ್ತದೆ, ನಿದ್ದೆ ಮಾತ್ರ ಸರಿಯಾಗಿ ಇಲ್ಲ.

ಫೋನ್ ಬಿಟ್ಟು ಪತ್ರ ಏಕೆ ಎಂದು ಕೇಳುತ್ತೀ. ನನಗೆ ಕಿವಿ ಮಂದ ಎಂದು ಸೊಸೆ ವಾಣಿಶ್ರೀ ಫೋನನ್ನು ಸ್ಪೀಕರಿಗೆ ಹಾಕಿ ಕೊಡುತ್ತಾಳೆ. ಅವಳು ಒಳ್ಳೆಯವಳೇ. ಆದರೆ ಇಡೀ ಮನೆ ಕೇಳುವಾಗ ನನ್ನ ಬಾಯಿಂದ "ಹೂಂ, ಆರಾಮ ಅದೇನಿ" ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಡೈರಿಯಲ್ಲಿ ದಿನಾ ಬರೆಯುತ್ತೇನೆ. ಅದು ತಿರುಗಿ ಒಂದು ಮಾತು ಆಡುವುದಿಲ್ಲ. ಈ ಸಲ ನನಗೆ ತಿರುಗಿ ಮಾತಾಡುವವರು ಬೇಕು.

ವಿಷಯ ಇಷ್ಟೇ. ಶಿರಗುಪ್ಪಿಯ ನಮ್ಮ ಹೊಲದಲ್ಲಿ ನಿಮ್ಮಪ್ಪನಿಗೆ ಮಣ್ಣು ಕೊಟ್ಟ ಜಾಗದ ಮೇಲೆ ನಿನ್ನ ತಮ್ಮ ಯೋಗೀಶ ಸೂರು ಹಾಕಿಸುತ್ತಿದ್ದಾನೆ. ನಾಲ್ಕು ಕಬ್ಬಿಣದ ಕಂಬ, ಮೇಲೆ ನೀಲಿ ತಗಡು, ಸುತ್ತಲೂ ಗ್ರಿಲ್, ಗ್ರಿಲ್ಲಿಗೆ ಬೀಗ. ವೆಲ್ಡಿಂಗ್ ಮಾಡುವ ದುರ್ಗೇಶ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಶ್ರಾವಣದ ಕಡೆಯ ಸೋಮವಾರ ಕಂಬ ನಿಲ್ಲಿಸುತ್ತಾರಂತೆ. "ಅವ್ವಾ, ಇನ್ನ ಒಂದ ಹನಿ ನೀರ ಬೀಳಂಗಿಲ್ಲ ನೋಡು" ಎಂದು ಯೋಗೀಶ ಖುಷಿಯಿಂದ ಹೇಳಿದ. ನಾನು ತಲೆ ಆಡಿಸಿದೆ. ಆಮೇಲೆ ಅಡಿಗೆ ಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ಸಪ್ಪಳ ಮಾಡಿ ತೊಳೆದೆ. ಯಾರೂ ಕೇಳಲಿಲ್ಲ.

ಸೂರು! ಆ ಮನುಷ್ಯನಿಗೆ!

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರು ಮಲಗುವ ಹೊರಸು ಹೊತ್ತುಕೊಂಡು ಅಂಗಳಕ್ಕೆ ನಡೆದರು. ನಾನೇ ಏನೋ ಅಂದಿದ್ದೇನೆ ಎಂಬಂತೆ ಅತ್ತೆಯವರು ನನ್ನನ್ನು ಕೆಕ್ಕರಿಸಿ ನೋಡಿದರು. "ಮ್ಯಾಲೆ ತೊಲಿ ಕಂಡ್ರ ನನಗ ಉಸರ ಕಟ್ಟತದ. ನೀನೂ ಹೊರಗ ಬಾ" ಎಂದು ನಿಮ್ಮಪ್ಪ ಕರೆದರು. ನಾನು ಹೋಗಲಿಲ್ಲ. ಮಂಜು ಬೀಳುತ್ತದೆ, ಹುಳ ಹರಿಯುತ್ತವೆ. ಕೆಲವು ದಿನ ಜಗ್ಗಾಡಿ ಕಡೆಗೆ ರಾಜಿಯಾಯಿತು. ಅವರ ಹೊರಸು ಹೊಸ್ತಿಲಿನ ಆಚೆ, ನನ್ನ ಹಾಸಿಗೆ ಹೊಸ್ತಿಲಿನ ಈಚೆ, ನಡುವೆ ಬಾಗಿಲು ತೆರೆದೇ ಇರಬೇಕು. ನಮ್ಮ ಸಂಸಾರದ ಮಾತೆಲ್ಲ ಆ ಬಾಗಿಲಲ್ಲೇ ನಡೆಯಿತು. ನಿನ್ನ ಹೆಸರು ಇಟ್ಟದ್ದೂ ಅಲ್ಲಿ, ಈ ಮನೆ ಕಟ್ಟುವ ಲೆಕ್ಕ ಹಾಕಿದ್ದೂ ಅಲ್ಲಿ. ಮಳೆ ಬಹಳ ಜೋರಾದರೆ ಮಾತ್ರ ದಿಂಬು ಬಗಲಲ್ಲಿ ಹಿಡಿದು, ಸೋತವರಂತೆ ಮುಖ ಮಾಡಿಕೊಂಡು ಒಳಗೆ ಬರುತ್ತಿದ್ದರು.

ವಾರವೆಲ್ಲ ಅರಳೆ ವ್ಯಾಪಾರ ಮಾಡುತ್ತಿದ್ದರು, ಅದರಲ್ಲಿ ನಮಗೆ ಕಡಿಮೆ ಮಾಡಲಿಲ್ಲ. ಆದರೆ ರವಿವಾರ ಬೆಳಗಾಯಿತೆಂದರೆ ಅವರ ಗೆಳೆಯ ಇಕ್ಬಾಲಣ್ಣನ ಸೈಕಲ್ ಗಂಟೆ. ಒಮ್ಮೆ ಇಬ್ಬರೂ ಸೈಕಲ್ ಮೇಲೆಯೇ ಗೋಕರ್ಣಕ್ಕೆ ಹೋಗಿ ಬಂದದ್ದು ನಿನಗೆ ನೆನಪಿರಬೇಕು. ಘಟ್ಟ ಇಳಿಯುವಾಗ ಬ್ರೇಕ್ ಹೋಗಿ ಮೊಣಕೈ ಕೆತ್ತಿಕೊಂಡಿದ್ದರು. ಮನೆಗೆ ಬಂದವರೇ ನನ್ನ ಕೈಗೆ ಒಂದು ಬಾಟಲಿ ಕೊಟ್ಟು, "ನೀ ಬರಲಿಲ್ಲಲ್ಲ, ಸಮುದ್ರಾನ ತಂದೇನಿ ತಗೋ" ಎಂದರು. ನೀನು ಅದನ್ನು ಸೋಡಾ ಎಂದು ಕುಡಿದು ಅತ್ತುಬಿಟ್ಟೆ. ದಾಂಡೇಲಿ ಕಾಡಿನಲ್ಲಿ ನಿಮ್ಮಿಬ್ಬರನ್ನೂ ಹೆಗಲ ಮೇಲೆ ಸರದಿಯಂತೆ ಹೊತ್ತು ತಿರುಗಿಸಿದರು. ಉಣಕಲ್ ಕೆರೆಯಲ್ಲಿ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಈಸು ಕಲಿಸಿದರು. ಅವರ ಕಾಲಿನ ಮುಳ್ಳು ತೆಗೆದು ತೆಗೆದೇ ನನ್ನ ಕಣ್ಣು ಮಂದವಾದವು. ಎಂಬತ್ತು ದಾಟಿದ ಮೇಲೂ ನೃಪತುಂಗ ಬೆಟ್ಟ ಹತ್ತಿ ಬಂದು, "ಸೂರ್ಯಾ ಇವತ್ತ ಸ್ವಲ್ಪ ತಡಾ ಮಾಡಿದ" ಎಂದು ಅವನು ತಮ್ಮ ಅಂಗಡಿಯ ಆಳು ಎಂಬಂತೆ ಹೇಳುತ್ತಿದ್ದರು.

ನೀನು ಸೊಲ್ಲಾಪುರಕ್ಕೆ ಹೋದ ಮೇಲೆ ಅರಳೆ ವ್ಯಾಪಾರಿಗಳ ಸಂಘದವರು ನುಡಿನಮನ ಇಟ್ಟಿದ್ದರು. ಒಬ್ಬರು ಎದ್ದು ನಿಂತು, "ಶಾಂತಯ್ಯನವರು ಮನೆ ಮತ್ತು ಅಂಗಡಿ ಬಿಟ್ಟರೆ ಮೂರನೆಯದು ಅರಿಯದ ಸದ್ಗೃಹಸ್ಥರು" ಎಂದರು. ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ಇಕ್ಬಾಲಣ್ಣ ಆಮೇಲೆ ನನ್ನ ಹತ್ತಿರ ಬಂದು, "ವೈನಿ, ನಾವು ತಪ್ಪಿ ಬ್ಯಾರೆಯವರ ಕಾರ್ಯಕ್ಕ ಬಂದೇವೇನ್ರಿ?" ಎಂದು ಕೇಳಿದರು. ನಿಮ್ಮಪ್ಪ ತೀರಿಕೊಂಡ ಮೇಲೆ ನಾನು ಮೊದಲ ಸಲ ನಕ್ಕೆ. ನಕ್ಕಿದ್ದಕ್ಕೆ ಹಿಂದಿನ ಸಾಲಿನ ಹೆಂಗಸರು ಏನೋ ಗುಸುಗುಸು ಅಂದರು. ಅನ್ನಲಿ.

ಯೋಗೀಶನಿಗೆ ನಾನೇ ಹೇಳಬಹುದಲ್ಲ ಎನ್ನುತ್ತೀ. ಹೇಳಬೇಕೆಂದೇ ಹೋದೆ. "ಯೋಗ್ಯಾ, ತಗಡ ಯಾಕ ಬೇಕಪಾ?" ಎಂದು ಬಾಯಿ ತೆರೆದೆ. ಅವನು, "ಅಪ್ಪ ನೆನದು ಹೋದ, ಅವ್ವಾ. ಆ ಮಳಿಯಾಗ ನಾ ಕೈ ಹಿಡದು ಒಳಗ ಎಳೀಬೇಕಿತ್ತು. ಇನ್ನರೆ ಅಪ್ಪ ನೆನೀಬಾರದು" ಎಂದ. ಜೂನ್ ತಿಂಗಳ ಮೊದಲ ಮಳೆಯಲ್ಲಿ ಅವರು ಹೊರಸಿನ ಮೇಲೆಯೇ ಕೂತು ನೆನೆದದ್ದು, ಜ್ವರ ಎದೆಗೆ ಇಳಿದದ್ದು ನಿನಗೆ ಗೊತ್ತೇ ಇದೆ. ವಯಸ್ಸಾಗಿತ್ತು, ಮಳೆಯದೇನೂ ತಪ್ಪಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಇವನ ತಲೆಗೆ ಹೋಗುವುದಿಲ್ಲ. ಆ ಮನುಷ್ಯನನ್ನು ಒಳಗೆ ಎಳೆಯುವುದು! ಹುಟ್ಟಿದಾಗಿನಿಂದ ಎಳೆದವರೆಲ್ಲ ಸೋತಿದ್ದಾರೆ. ತಲೆ ನರೆತ ಮಗ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಮತ್ತೆ ತಲೆ ಆಡಿಸಿ ಬಂದೆ.

ಸಿಟ್ಟು ಅವನ ಮೇಲಷ್ಟೇ ಅಲ್ಲ, ನಿಮ್ಮಪ್ಪನ ಮೇಲೂ ಇದೆ. ಯಾವ ಗುಡ್ಡದಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ, ಯಾವ ಹಳ್ಳದ ನೀರು ಸಿಹಿ, ಎಲ್ಲ ಹೇಳಿದರು. "ನನ್ನ ಮ್ಯಾಲೆ ಏನೂ ಹಾಕಬ್ಯಾಡ್ರಿ" ಎಂಬ ಒಂದು ಮಾತು ಮಗನಿಗೆ ಹೇಳಿ ಹೋಗಲು ಏನಾಗಿತ್ತು? ಅದನ್ನು ನನ್ನ ಪಾಲಿಗೆ ಬಿಟ್ಟು ಹೋದರು. ಬಾಯಿ ಇಲ್ಲದವಳಿಗೆ ಇಂಥ ಕೆಲಸ ಒಪ್ಪಿಸುವುದೇ?

ಮೊನ್ನೆ ಸೋಮವಾರ ಹೊಲಕ್ಕೆ ಹೋಗಿದ್ದೆ. ಮಣ್ಣು ಮಳೆಗೆ ಕುಸಿದು ನೆಲಕ್ಕೆ ಸಮವಾಗಿದೆ. ಅದರ ಮೇಲೆ ಎಳೆ ಹುಲ್ಲು ಎದ್ದಿದೆ, ಒಂದು ಕೆಂಪು ಹುಳ ಅದರಲ್ಲಿ ತನ್ನ ಪಾಡಿಗೆ ಹರಿದಾಡುತ್ತಿತ್ತು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಕೊಟ್ಟಿದ್ದೇವಲ್ಲ, ಇನ್ನೇನು ಎದ್ದು "ನಡೀರಿ ಹೋಗೋಣು" ಎನ್ನುತ್ತಾರೇನೋ ಅನ್ನಿಸಿತು. ಎಡಗಡೆ ನನಗೆಂದು ಜಾಗ ಬಿಟ್ಟಿದ್ದಾರೆ. ಯೋಗೀಶ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಿತ್ತುವಾಗ ಅಷ್ಟು ನೆಲ ತಪ್ಪಿಸಿದ್ದಾನೆ. ತಗಡು ಬಂದರೆ ಆ ಹುಲ್ಲು ಒಣಗುತ್ತದೆ. ಮಳೆ ಬಂದರೆ ಮೇಲೆ ಬರೀ ಸಪ್ಪಳ. ಆ ಸಪ್ಪಳ ಕೇಳುತ್ತ, ಒಂದು ಹನಿ ಮೈಮೇಲೆ ಬೀಳದೆ, ಬೀಗದ ಒಳಗೆ ಅವರು ಹೇಗೆ ಕೂತಿರಬೇಕು?

ಬರೆದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗಂತೂ ಇನ್ನೂ ಸಿಟ್ಟು ಬಂತು. ಇರಲಿ. ಅಳಿಯಂದಿರಿಗೆ ನನ್ನ ಶರಣಾರ್ಥಿ ತಿಳಿಸು. ಬಾಣಂತಿಗೆ ಖಾರ ಕೊಡಬೇಡ. ಕೂಸಿನ ಹಣೆಗೆ ನನ್ನ ಹೆಸರಿನಲ್ಲಿ ವಿಭೂತಿ ಹಚ್ಚು. ಮುತ್ತಜ್ಜನ ಹಾಗೆ ನೂರು ಊರು ತಿರುಗಲಿ. ತಿರುಗಿ ಮನೆಗೆ ಬರಲಿ.

ನಿನ್ನ ಅವ್ವ,
ಈರವ್ವ

ತಾ.ಕ.: ಪತ್ರ ಅಂಚೆಗೆ ಹಾಕಲು ಇಕ್ಬಾಲಣ್ಣ ಬಂದು ಕೂತಿದ್ದಾರೆ, ಅವರ ಚಹಾ ಮುಗಿಯುವಷ್ಟರಲ್ಲಿ ಬರೆಯುತ್ತಿದ್ದೇನೆ. ನಾನು ಬೈದದ್ದನ್ನು ಯೋಗೀಶನಿಗೆ ಹೇಳಬೇಡ. ತಗಡು ಬೇಡ ಎಂದೂ ಹೇಳಬೇಡ, ಅವನು ತಾಳಲಾರ. ನೀನು ಎತ್ತಿ ಆಡಿಸಿದ ತಮ್ಮ, ನಿನ್ನ ಮಾತು ತೆಗೆದುಹಾಕುವುದಿಲ್ಲ. ಪತ್ರ ಮುಟ್ಟಿದ ಕೂಡಲೇ ಫೋನ್ ಮಾಡಿ ಹೀಗೆ ಹೇಳು: ಆ ನಾಲ್ಕು ಕಂಬವನ್ನು ಎಡಗಡೆ, ನನಗೆ ಬಿಟ್ಟ ಜಾಗದ ಮೇಲೆ ನಿಲ್ಲಿಸಲಿ. ಅವ್ವನಿಗೆ ಮಂಜು ಆಗುವುದಿಲ್ಲ ಎಂದು ಅವನಿಗೂ ಗೊತ್ತು. ಅಪ್ಪನದು ತೆರೆದೇ ಇರಲಿ. ಮಳೆ ಬಹಳ ಜೋರಾದರೆ ಅವರು ತಾವೇ ಈಚೆ ಬರುತ್ತಾರೆ. ನಡುವೆ ಗ್ರಿಲ್ ಮಾತ್ರ ಹಾಕಬೇಡ ಅನ್ನು.